ಗಂಟೆಗೆ ಮುಂಚಿನ ಎರಡು ನಿಮಿಷ

ಮಾನ್ಯ ಶಿಕ್ಷಣಾಧಿಕಾರಿಗಳೇ,

ನನಗೆ ಮದುವೆಯಾಯಿತು! ಹತ್ತೊಂಬತ್ತು ದಿನವಾದರೂ ಹೇಳಿಕೊಂಡು ಸಾಕಾಗಿಲ್ಲ, ಹಾಲಿನವನಿಗೂ ಹೇಳಿದ್ದೇನೆ. ನಿಮಗೂ ಇಷ್ಟೇ ಹೇಳಿ ಮುಗಿಸುವಂತಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ನನ್ನ ಮದುವೆಯಾದ ಹದಿನಾಲ್ಕನೇ ದಿನ, ನನ್ನ ತಂಗಿಯನ್ನು ಶಾಲೆಯಿಂದ ಹೊರಗೆ ಹಾಕುವ ಆದೇಶಕ್ಕೆ ನೀವು ಸಹಿ ಮಾಡಿದ್ದೀರಿ.

ಅವಳಿಗೆ ಒಂಬತ್ತು ವರ್ಷ. ಆಟಿಸಂ ಇದೆ, ಗಮನ ಒಂದೆಡೆ ನಿಲ್ಲದ ತೊಂದರೆಯೂ ಇದೆ. ನಿಮ್ಮ ಆದೇಶದಲ್ಲಿ ಇವೆರಡೂ ಇಲ್ಲ. "ಅಶಿಸ್ತಿನ ಹಾಗೂ ಹಿಂಸಾತ್ಮಕ ವರ್ತನೆ" ಮಾತ್ರ ಇದೆ. ಒಂದೇ ವಾರದಲ್ಲಿ ಬೆಂಚು ಉರುಳಿಸಿದಳು, ಟೀಚರ ಕೈ ಕಚ್ಚಿದಳು. ನಿಜ. ಅವರಿಗೆ ನೋವಾಗಿದೆ, ಅವರ ಕ್ಷಮೆ ಕೇಳುತ್ತೇನೆ. ಆದರೆ ಮೂರು ವರ್ಷದಲ್ಲಿ ಒಮ್ಮೆಯೂ ಹೀಗೆ ಮಾಡದ ಮಗುವಿಗೆ ಏಕಾಏಕಿ ಏನಾಯಿತು ಎಂದು ನಿಮ್ಮ ಕಚೇರಿಯಲ್ಲಿ ಒಬ್ಬರಾದರೂ ಕೇಳಿದರೇ? ಸಹಿಗೆ ಸಿಕ್ಕ ಬಿಡುವು ಪ್ರಶ್ನೆಗೆ ಸಿಗಲಿಲ್ಲವೇ?

ನಾನೇ ಹೇಳುತ್ತೇನೆ. ಆ ಶಾಲೆಯ ಲೈಬ್ರರಿ ನೋಡಿಕೊಳ್ಳುತ್ತಿದ್ದವಳು ನಾನು. ಅಲ್ಲಿನ ಎಲೆಕ್ಟ್ರಿಕ್ ಗಂಟೆ ಅವಳ ತರಗತಿಯ ಬಾಗಿಲ ಮೇಲೆಯೇ ಇದೆ. ನಮಗದು ಬರೀ ಸದ್ದು. ಅವಳಿಗೆ ಕಿವಿಗೆ ಕಾದ ಸೀಸ ಹೊಯ್ದಂತೆ. ಅದಕ್ಕೇ ಪ್ರತಿ ಗಂಟೆಗೆ ಎರಡು ನಿಮಿಷ ಮುಂಚೆ ಹೋಗಿ ಅವಳ ಮುಂದೆ ಒಂದು ಹಳದಿ ಕಾರ್ಡ್ ಇಡುತ್ತಿದ್ದೆ. ಅವಳು ಕಿವಿ ಮುಚ್ಚಿಕೊಂಡು ಕಾಯುತ್ತಿದ್ದಳು. ಗಂಟೆ ನಿಂತ ಮೇಲೆ ಕಾರ್ಡ್ ವಾಪಸ್ ಕೊಟ್ಟು "ಹೋಯ್ತು" ಎನ್ನುತ್ತಿದ್ದಳು. ದಿನಕ್ಕೆ ಎಂಟು ಸಲ. "ತಂಗಿ ಮುಖ ನೋಡದೆ ಒಂದು ಪೀರಿಯಡ್ ಇರೋಕಾಗಲ್ವಾ? ಮದುವೆ ಆದ್ಮೇಲೆ ಏನ್ಮಾಡ್ತೀಯಮ್ಮಾ?" ಎಂದು ಟೀಚರುಗಳು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಕಾರಣ ಹೇಳಲಿಲ್ಲ. ಹೇಳಿದರೆ ಇಂಥ ಮಗು ನಮಗೆ ಬೇಡ ಅಂದುಬಿಟ್ಟರೆ ಎಂಬ ಭಯ.

ಮದುವೆಯ ಸಡಗರದಲ್ಲಿ, ಬೀಗದ ಕೈಯಿಂದ ಅಂಟಿನ ಬಾಟಲಿಯವರೆಗೆ ಎಲ್ಲವನ್ನೂ ಹೊಸಬರಿಗೆ ಒಪ್ಪಿಸಿ ಬಂದೆ. ಕಾರ್ಡ್ ಮರೆತೆ.

ಮೊನ್ನೆ ಅಮ್ಮ ಫೋನಿನಲ್ಲಿ, "ಹೊಸ ಸಂಸಾರ, ನಿನಗ್ಯಾಕೆ ಹೇಳೋದು ಅಂತ ಸುಮ್ನಿದ್ವಿ ಕಣೇ. ದಿನಾ ಯೂನಿಫಾರ್ಮ್ ಹಾಕ್ಕೊಂಡು ಬಾಗಿಲ ಹತ್ರ ಕೂತ್ಕೋತಾಳೆ. ಕೈ ಚಾಚ್ತಾಳೆ. ಏನು ಬೇಕೋ ಗೊತ್ತಾಗ್ತಿಲ್ಲ," ಎಂದಳು. ನನಗೆ ಗೊತ್ತಾಯಿತು. ಕೈಚೀಲ ತಡಕಾಡಿದೆ. ಅಲ್ಲೇ ಇತ್ತು, ಮದುವೆ ಫೋಟೋಗಳ ನಡುವೆ.

ತಪ್ಪಿತಸ್ಥರು ಬೇಕೇ ಬೇಕಿದ್ದರೆ ನನ್ನ ಹೆಸರು ಬರೆದುಕೊಳ್ಳಿ. ಅವಳನ್ನು ಮತ್ತೆ ತರಗತಿಗೆ ಕರೆಸಿ. ಗಂಟೆಗೆ ಎರಡು ನಿಮಿಷ ಮುಂಚೆ ಕಾರ್ಡ್ ಇಡಲು ಯಾರಿಗಾದರೂ ಒಬ್ಬರಿಗೆ ಹೇಳಿ. ಇದಕ್ಕೆ ಸಮಿತಿ ಬೇಡ, ಸುತ್ತೋಲೆ ಬೇಡ. ಕಾರ್ಡ್ ನಾನೇ ತರುತ್ತೇನೆ.

ಇಂತಿ,
ಎಲ್ಲವನ್ನೂ ಒಪ್ಪಿಸಿ ಬಂದೆನೆಂದುಕೊಂಡಿದ್ದ ಅಕ್ಕ

ಶಾಲೆಯ ಮೊದಲ ಗಂಟೆ ಒಂಬತ್ತಕ್ಕೆ. ಸೋಮವಾರ ಬೆಳಿಗ್ಗೆ ಆರೂವರೆಯ ಪ್ಯಾಸೆಂಜರ್ ರೈಲಿನಲ್ಲಿ ಬಂದಿಳಿಯುತ್ತೇನೆ.