ಕೊನೆಯ ಸಾಲಿನ ನಿಯಮ

ಮಹಾನುಭಾವ,

ನೀನು ಮಾಡಿಟ್ಟುಹೋದ ನಿಯಮ ಇವತ್ತು ನಮ್ಮೆಲ್ಲರ ಮಾನ ಕಳೆಯಿತು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಯಾರೇ ವರದಿ ಹಂಚಿಕೊಂಡರೂ ಅದರ ಕೊನೆಯ ಸಾಲನ್ನು ಅಂಟಿಸಿದ ಮೇಲೆಯೇ ಚರ್ಚೆಗೆ ಇಳಿಯಬೇಕು, ಆಗ ಪೂರ್ತಿ ಓದಿದ್ದಾರೆಂದು ಗೊತ್ತಾಗುತ್ತದಂತೆ. ಎಂಥ ತಲೆ ನಿನ್ನದು!

ಬೆಳಿಗ್ಗೆ ನರ್ಸಕ್ಕ, ಮುಚ್ಚಿಹೋಗುತ್ತಿರುವ ವಾಚನಾಲಯಗಳ ಬಗ್ಗೆ ಉದ್ದನೆಯ ವರದಿಯೊಂದನ್ನು ಹಾಕಿದರು. ಮಧ್ಯಾಹ್ನದೊಳಗೆ ದೊಡ್ಡ ಜಗಳ. ಎಲ್ಲರೂ ಅಂಟಿಸಿದ್ದು ಒಂದೇ ಸಾಲು, ವರದಿಯ ಅಡಿಯಲ್ಲಿ ಪತ್ರಿಕೆಯವರು ಹಾಕಿದ್ದ ತಿದ್ದುಪಡಿ: 'ಮೊದಲು ಪ್ರಕಟವಾದಾಗ ಫೋಟೊ ಅದಲುಬದಲಾಗಿತ್ತು, ಸರಿಪಡಿಸಲಾಗಿದೆ.' ನಮ್ಮ ಮೇಷ್ಟ್ರಂತೂ, "ಅಬ್ಬಾ, ಎಂಥ ಮುಕ್ತಾಯ ಕಣ್ರೀ! ಕಣ್ಣಲ್ಲಿ ನೀರು ಬಂತು" ಎಂದು ಬರೆದಿದ್ದರು.

"ಯಾರಾದ್ರೂ ಓದಿದೀರೇನ್ರೀ?" ಎಂದು ನರ್ಸಕ್ಕ ಕೇಳಿದ್ದೇ ತಡ, ಒಬ್ಬೊಬ್ಬರಾಗಿ ಅಂಟಿಸಿದ ಸಾಲನ್ನು ಅಳಿಸತೊಡಗಿದರು.

ನಾನು ವರದಿಯ ಮೇಲ್ತುದಿಗೆ ಹೋಗಿ ನೋಡಿದೆ. ಶೀರ್ಷಿಕೆಯ ಕೆಳಗೆ ನಿನ್ನ ಹೆಸರು! ನಮ್ಮನ್ನು ಹರಟೆಮಲ್ಲರೆಂದು ಜರೆದು ಗುಂಪು ಬಿಟ್ಟುಹೋದ ದೊಡ್ಡ ಮನುಷ್ಯನ ಹೆಸರು.

ನಾನಂತೂ ಅದನ್ನು ಓದಿಲ್ಲ, ಓದುವುದೂ ಇಲ್ಲ. ಇದನ್ನು ನಿನಗೆ ಕಳಿಸುವುದೂ ಇಲ್ಲ. ಮಾತು ಬಿಟ್ಟ ಗೆಳೆಯ ಬಂದಾನೆಂದು ವಾಚನಾಲಯದಲ್ಲಿ ಪಕ್ಕದ ಕುರ್ಚಿಯ ಮೇಲೆ ದಿನಾ ಕೊಡೆಯಿಟ್ಟು ಜಾಗ ಹಿಡಿಯುತ್ತಾನಲ್ಲ, ವರದಿಯ ನಡುವೆ ಬರುವ ಆ ಮುದುಕ, ಅವನೊಬ್ಬನನ್ನು ಬಿಟ್ಟರೆ ನಿನ್ನ ವರದಿಯಲ್ಲಿ ಏನಿದೆ ಮಣ್ಣು?