ಏಳು ಬೊಟ್ಟುಚಿಪ್ಪು

ಮಾರ್ಚ್ 3
ಬೆಳಿಗ್ಗೆಯಿಡೀ ಶೆಡ್ಡಿನಲ್ಲಿ ಚಿಪ್ಪಿಗೆ ಪಾಲಿಶ್. ಚಿಪ್ಪಿನ ಪುಡಿ ಮೂಗಿನಲ್ಲಿ, ಟೀಯಲ್ಲಿ, ಜೇಬಿನ ಜೆಟ್ಟಿ ವಿರೋಧಿ ಕರಪತ್ರದಲ್ಲಿ. ಮೇಸ್ತ್ರಿ ಗದರಿದ: "ಲೇ ಕ್ರಾಂತಿ, ಕೈ ಆಡ್ಸು. ಭಾಷಣ ಊಟ ಆದ್ಮೇಲೆ." ಶೆಡ್ಡಿಗೆ ಶೆಡ್ಡೇ ನಕ್ಕಿತು. ಇವರೆಲ್ಲ ಚಿಪ್ಪು ಆರಿಸುವ ಬಂಡೆಸಾಲೇ ಅಪ್ಪಣೆ ಸಿಕ್ಕರೆ ಮುಂದಿನ ತಿಂಗಳು ಹಡಗು ನಿಲ್ಲಿಸುವ ಹೊಸ ಜೆಟ್ಟಿಯ ಕಾಂಕ್ರೀಟಿನಡಿ ಹೋಗುತ್ತದೆ. ನಗಲಿ.

ನನ್ನ ಹತ್ತಿರ ಅಸ್ತ್ರವಿದೆ. ಬೊಟ್ಟುಚಿಪ್ಪು — ಹೆಸರುಕಾಳಿನಷ್ಟು ಕಡಲ ಬಸವನಹುಳು, ಚಿಪ್ಪಿನ ತುದಿಗೆ ಕೆಂಪು ಬೊಟ್ಟು. ಕರಪತ್ರ ಹೇಳುತ್ತದೆ: ನಮ್ಮ ಬಂಡೆಸಾಲು ಬಿಟ್ಟರೆ ಇನ್ನೆಲ್ಲೂ ಇಲ್ಲ. ಇದೆಯೆಂದು ತೋರಿಸಿದರೆ ಜೆಟ್ಟಿ ನಿಲ್ಲಲೇಬೇಕು. ಕಾನೂನು!

ಮಾರ್ಚ್ 4
ಅತ್ತೆಗೆ ಕರಪತ್ರದ ಚಿತ್ರ ತೋರಿಸಿದೆ. ಮೂವತ್ತು ವರ್ಷದಿಂದ ಚಿಪ್ಪು ಆರಿಸಿ ಈ ಶೆಡ್ಡಿನಲ್ಲೇ ದುಡಿಯುತ್ತಿರುವವಳು.
"ಇದಾ? ಯಾರೂ ಕೇಳಲ್ಲ ಅಂತ ಎಸೀತಿದ್ವಲ್ಲೋ."
"ಈಗ ಬೇಕು. ಜೆಟ್ಟಿ ಸಭೇಲಿ ಸಾಹೇಬ್ರಿಗೆ ತೋರ್ಸೋದು. ಚಿತ್ರದಲ್ಲಿರೋ ಹಾಗೇ ಫಳಫಳ ಅನ್ಬೇಕು, ಅತ್ತೆ."

ಮಾರ್ಚ್ 15
ಸಿಕ್ಕಿತು! ಹನ್ನೊಂದು ದಿನ ಇಳಿತದ ನೀರಿನಲ್ಲಿ ಸೊಂಟ ಬಗ್ಗಿಸಿ ಹುಡುಕಿದ ಅತ್ತೆಗೆ ಬಂಡೆಯ ಒಂದು ಬಿರುಕಿನಲ್ಲಿ ಏಳು. ಕುದಿಸಿ, ಸೂಜಿಯಲ್ಲಿ ಹುಳ ತೆಗೆದು, ಎಣ್ಣೆ ಸವರಿ, ಹತ್ತಿಯ ಮೇಲಿಟ್ಟು ತಂದಳು. "ಹೆಂಗೆ?" ಅಂದಳು. ತಬ್ಬಿಕೊಂಡೆ.

ಮಾರ್ಚ್ 17
ಜೆಟ್ಟಿಯ ಅಹವಾಲು ಸಭೆ. ಅಧಿಕಾರಿ ಭೂತಗನ್ನಡಿ ಹಿಡಿದು ನೋಡಿದರು. "ಖಾಲಿ ಚಿಪ್ಪು. ಅಲೆ ಎಲ್ಲಿಂದ ಬೇಕಾದ್ರೂ ತರುತ್ತೆ. ಜೀವಂತ ಇರೋದು ಒಂದು ತೋರ್ಸಿ."
ಹಿಂದಿನ ಬೆಂಚಿನಿಂದ ಅತ್ತೆ ಎದ್ದಳು. "ಏಳೂ ಹರೀತಿದ್ವು ಸ್ವಾಮಿ. ನಾನೇ ಕುದಿಸ್ದೆ."
ಸಭೆ ಗೊಳ್ಳೆಂದಿತು. ಮೂರು ದಿನ ಗಡುವು.

ಮಾರ್ಚ್ 20
ಬಿರುಕು ಖಾಲಿ. ಅಕ್ಕಪಕ್ಕದ ಬಂಡೆಗಳೂ. ಸಂಜೆ ಜೆಟ್ಟಿಗೆ ಅಪ್ಪಣೆ ಸಿಕ್ಕಿತು.
ಕರಪತ್ರದ ಹಿಂಬದಿ ಇವತ್ತು ಓದಿದೆ... 'ಕಂಡರೆ ಮುಟ್ಟಬೇಡಿ. ಇದ್ದಲ್ಲೇ ಬಿಟ್ಟು ತಿಳಿಸಿ.' ಮುಂಬದಿಯಷ್ಟೇ ಓದಿ ಭಾಷಣಕ್ಕೆ ನಿಂತಿದ್ದೆ.

ಮಾರ್ಚ್ 22, ಮಧ್ಯಾಹ್ನ
ಶೆಡ್ಡಿನಲ್ಲಿ ಅತ್ತೆಗೆ ಹೊಸ ಹೆಸರು: ಕುದಿಸಿದಮ್ಮ. ಫಳಫಳ ಅನ್ನಬೇಕೆಂದು ಹೇಳಿದವನು ಯಾರೆಂದು ಅವಳು ಯಾರಿಗೂ ಹೇಳಿಲ್ಲ.
ಮೇಸ್ತ್ರಿ ನನ್ನ ಹೆಗಲ ಮೇಲೆ ಕೈಯಿಟ್ಟ — ಮೊದಲ ಸಲ. "ನಿನ್ ತಪ್ಪೇನಿಲ್ಲ ಬಿಡಪ್ಪ. ಅವಳಿಗಾದ್ರೂ ಬುದ್ಧಿ ಬೇಡ್ವಾ?"
ಎಲ್ಲರ ಕೈ ನಿಂತಿತು. ಅತ್ತೆ ತಲೆಯೆತ್ತಿ ನನ್ನನ್ನೇ ನೋಡಿದಳು.
ಬಾಯಿ ತೆರೆದೆ. "ಪಾಪ, ಅವಳೇನು ಓದಿದವಳಾ" ಅಂದೆ.
ಅತ್ತೆ ಒಂದು ಚಿಪ್ಪು ತೆಗೆದುಕೊಂಡು, ಸೂಜಿಯಲ್ಲಿ ಹುಳ ಕೀಳತೊಡಗಿದಳು.