ಮೋದಿನಸಾಬರ ಗಿರಣಿಯ ಹಿಟ್ಟು

ಯಾವಗಲ್, ಶುಕ್ರವಾರ
12 ಡಿಸೆಂಬರ್ 2025

ಪ್ರೀತಿಯ ಅಂದಾನೆಪ್ಪಣ್ಣಗ,

ನಿನ್ನ ತಂಗಿ ರಾಜೇಶ್ವರಿಯ ನಮಸ್ಕಾರ. ಮಣಕಾಲಿನ ಹೊಲಿಗಿ ಬಿಚ್ಚಿದ್ರೇನು? ಮಿರಜದ ಥಂಡಿಗೆ ನೋವು ಹೆಚ್ಚಾಗಿರಬೇಕು. ದವಾಖಾನಿ ಊಟ ಸೇರದಿದ್ರೂ ಗುಳಿಗಿ ಬಿಡಬ್ಯಾಡ. ಇಲ್ಲಿ ಕಡ್ಲಿ ಚಲೋ ಐತಿ, ಗೌರವ್ವ ವೈನಿ ಆರಾಮ ಅದಾಳ. ನಿನ್ನ ಮಗಳು ಶ್ವೇತಾ ಮಾತ್ರ ಎರಡು ದಿನದಿಂದ ಮನ್ಯಾಗ ರೊಟ್ಟಿ ಮುಟ್ಟಿಲ್ಲ. ಫೋನಿನ್ಯಾಗ ಹೇಳಿದ್ರ ಪೂರಾ ಕೇಳೂದ್ರಾಗ ನಿನಗ ಸಿಟ್ಟು ಬರ್ತೈತಿ, ಅದಕ್ಕ ಬರಿಯಾಕ ಕೂತೀನಿ.

ಹೋದ ತಿಂಗಳು ಹತ್ತನೇ ಕ್ಲಾಸಿನ ಹುಡುಗರಿಗೆ ಹಿಟ್ಲರನ ಪಾಠ ಮಾಡಿದೆ. ಪುಸ್ತಕದಾಗ ಸತ್ತವರು ಎಷ್ಟು ಲಕ್ಷ ಅಂತ ಐತಿ, ಒಬ್ಬರ ಹೆಸರೂ ಇಲ್ಲ. ಅದಕ್ಕ ಆ ಸಾವಿನ ಶಿಬಿರದಿಂದ ಬದುಕಿ ಬಂದ ಯಹೂದಿ ಮುದುಕಿಯೊಬ್ಬಾಕಿ ಹೇಳಿದ್ದನ್ನ ನಮ್ಮ ಮಾತಿನ್ಯಾಗ ಹೇಳಿದೆ. ಅಕಿ ಅಪ್ಪಂದು ಬ್ರೆಡ್ಡಿನ ಅಂಗಡಿ. ಮೊದ್ಲು ಯಾರೂ ಅವರನ್ನ ಹೊಡೀಲಿಲ್ಲ, ಬರೇ ಬ್ರೆಡ್ ತಗೊಳ್ಳೂದು ಬಿಟ್ರು. ಆಮ್ಯಾಲ ಬಾಜೂ ಕೂಡೂ ಗೆಳತಿ ಬೆಂಚು ಬದಲಿಸಿದ್ಲು. ಶ್ವೇತಾ ಎದ್ದು ನಿಂತು, "ಅಕ್ಕೋರ್ರಿ, ಊರಾಗಿನ ಉಳಿದ ಮಂದಿ ಆಗ ಏನ್ ಮಾಡ್ತಿದ್ರು?" ಅಂತ ಕೇಳಿದ್ಲು. ಭಾಳ ಮಂದಿ ಸುಮ್ಮನಿದ್ರು ಅಂದೆ.

ಹದಿನೈದು ದಿನದಾಗ ಅದು ನಮ್ಮೂರಿಗೇ ಬಂತು. ಗಿರಣಿ ಮೋದಿನಸಾಬರು ಹಿಟ್ಟಿನ್ಯಾಗ ಏನೋ ಬೆರಸ್ತಾರಂತ ಊರ ವಾಟ್ಸಾಪ್ ಗ್ರೂಪಿನ್ಯಾಗ ಒಂದು ವಿಡಿಯೋ. ಅದರಾಗಿನ ಗಿರಣಿ ಯಾವ ಊರಿಂದೋ, ಮನುಷ್ಯಾನೂ ಬ್ಯಾರೆ. ಆದ್ರೂ ಮಂದಿ ಜ್ವಾಳ ಹೊತ್ಕೊಂಡು ರೋಣಕ್ಕ ಹೊಂಟ್ರು. ಅವರ ಮಗಳು ಸಾನಿಯಾ ನನ್ನ ಕ್ಲಾಸಿನಾಕಿ. ಅಕಿ ಕೂತ್ರ ಬಿಸಿಯೂಟದ ಸಾಲು ಆಚೆ ಸರೀತಿತ್ತು. ನಾ ಕಣ್ಣಾರೆ ನೋಡಿದೆ, ಅಣ್ಣಾ. ಊರ ಉಸಾಬರಿ ಬ್ಯಾಡಂತ ಹೆಡ್ ಮಾಸ್ತರ್ರು ಅಂದಿದ್ರು, ನಾನೂ ಬಾಯಿ ಬಿಡಲಿಲ್ಲ. ಸಾನಿಯಾ ಸಾಲಿ ಬಿಟ್ಟು ಆರು ದಿನ ಆತು.

ಬುಧವಾರ ಶ್ವೇತಾ ಯಾರಿಗೂ ಹೇಳದಂಗ ಜ್ವಾಳ ಹೊತ್ತು ಆ ಗಿರಣಿಗೆ ಹೋಗಿ ಬೀಸಿಸ್ಕೊಂಡು ಬಂದ್ಲು. ವೈನಿ ಆ ಹಿಟ್ಟೆಲ್ಲಾ ಎಮ್ಮಿ ಬಾನಿಗೆ ಸುರುವಿದ್ಲು. ಮರುದಿನ ಮುಂಜಾನಿ ಶ್ವೇತಾ, "ಎಮ್ಮಿ ಆರಾಮ ಐತಿ ನೋಡವ್ವಾ," ಅಂದ್ಲು. ಆ ಗಿರಣಿ ಹಿಟ್ಟಿನ ರೊಟ್ಟಿ ಮಾಡೂತನಾ ಉಣ್ಣಾಂಗಿಲ್ಲಂತ ಕೂತಾಳ. ಹೊಡದ್ರೂ ಏಳವಲ್ಲಳು.

ನಿನ್ನೆ ಸಾನಿಯಾನ ಮನಿಗೆ ಹೋದೆ. ಅಕಿ ಅವ್ವ ಮುಮತಾಜಬಿ ಬಾಗಲದಾಗ ನಿಂತು, "ಚಾ ಮಾಡಂದ್ರ ಮಾಡ್ತೀನ್ರಿ. ನೀವು ಕುಡೀತೀರೋ ಇಲ್ಲೋ ತಿಳೀವಲ್ದು," ಅಂದ್ಲು. ಮೂವತ್ತು ವರ್ಷದ ನೆರಿ ಹಿಂಗ ಕೇಳೂ ಹೊತ್ತು ಬಂತು. ಕೇಳಿ ಮಾಡಿಸ್ಕೊಂಡು ಕುಡದೆ. ಗಿರಣಿ ಮಾರಿ ಗಜೇಂದ್ರಗಡಕ್ಕ ಹೋಗ್ತಾರಂತ. ಪರೀಕ್ಷಿ ಮುಗಿಯೂತನಾ ಇರ್ರಿ ಅಂತ ಕೈ ಮುಗದೆ. ಸಾನಿಯಾ ಒಳಗಿಂದ ಹೊರಗ ಬರಲಿಲ್ಲ.

ನಿನ್ನ ಕಾಲು ಲಗೂ ನೆಟ್ಟಗಾಗಲಿ, ನಡಕೋತ ಮನಿಗೆ ಬಾ.

ನಿನ್ನ ತಂಗಿ,
ರಾಜೇಶ್ವರಿ

ತಾ.ಕ.: ಈ ಪತ್ರ ಒಯ್ಯೂ ಮುತ್ತಣ್ಣ ಮಿರಜಕ್ಕ ಹೊಂಟು ಚೀಲ ಹಿಡಕೊಂಡು ನಿಂತಾನ. ಇದನ್ನ ಮ್ಯಾಲೆ ಬರಿಯಾಕ ಕೈ ಬರಲಿಲ್ಲ. ಆ ವಿಡಿಯೋ ಗ್ರೂಪಿಗೆ ಮೊದ್ಲು ಬಂದದ್ದು ನಿನ್ನ ಫೋನಿಂದ. ಹಾಸಿಗಿ ಮ್ಯಾಲೆ ಬ್ಯಾಸರಕ್ಕ ಕಳಿಸಿರಬೇಕು, ನೀ ಕಳಿಸಿದ್ದಂತನ ಊರು ನಂಬ್ತು. ಶ್ವೇತಾಗೂ ಗೊತ್ತೈತಿ. ಸೋಮವಾರ ಗಿರಣಿ ಕೊಳ್ಳಾವ್ರು ಬರ್ತಾರ. ಅದರೊಳಗ ಅದು ಸುಳ್ಳು ಅಂತ ನಿನ್ನ ದನಿಲೆ ಹೇಳಿ ಗ್ರೂಪಿಗೆ ಹಾಕು. ನಿನ್ನೆ ಸಂಜಿ ನಾ ಹಂಗಂತ ಬರದು ಹಾಕಿದೆ, ಗ್ರೂಪಿನಿಂದ ನನ್ನ ತಗದ್ರು. ನಿನ್ನ ಯಾರೂ ತಗ್ಯಾಂಗಿಲ್ಲ, ಅಣ್ಣಾ.